ಯಾವ ‘ಕ್ಯಾಬರೆ’ ಮೊದಲು ನೋಡಬೇಕು?

‘ಕ್ಯಾಬರೆ’ ಅಂದ ತಕ್ಷಣ ನಮ್ಮ ಕಣ್ಮುಂದೆ ಬರುವುದು ಹೆಲೆನ್. ಹಳೇ ಕನ್ನಡ ಸಿನಿಮಾ ಜಾಸ್ತಿ ನೋಡಿದವರಿಗೆ ಜ್ಯೋತಿಲಕ್ಷ್ಮಿ, ಜಯಮಾಲಿನಿ, ಅವರ ಹಿಂದೆ ಎಲ್.ಆರ್. ಈಶ್ವರಿ ದನಿ. ವಿಲನ್ನಿನ ಅಡ್ಡೆ, ಬಣ್ಣದ ಲೈಟು, ಮೆಟ್ಟಿಲಿಳಿದು ಬರುವ ನರ್ತಕಿ, ಮೂಲೆ ಟೇಬಲ್ಲಿನಲ್ಲಿ ಅಂಟು ಮೀಸೆ ಹಚ್ಚಿಕೊಂಡು ಕೂತ ಹೀರೊ. ಹಾಗಾಗಿ ಗೆಳೆಯನೊಬ್ಬನಿಗೆ, "‘ಕ್ಯಾಬರೆ’ ನೋಡೋ, ಹಿಟ್ಲರ್ ಹೇಗೆ ಬಂದ ಅಂತ ಗೊತ್ತಾಗುತ್ತೆ" ಅಂದಾಗ ಅವನು ಜೋರಾಗಿ ನಕ್ಕ. ಮರುದಿನ ಅವನೇ ಫೋನ್ ಮಾಡಿದ: "ಹುಡುಕಿದೆ ಮಾರಾಯ, ಅದರಲ್ಲಿ ನಾಲ್ಕೈದು ಇದಾವಲ್ಲ. ಯಾವ್ದು ನೋಡ್ಲಿ?"

ನ್ಯಾಯವಾದ ಪ್ರಶ್ನೆ. 1966ರ ನ್ಯೂಯಾರ್ಕ್ ಬ್ರಾಡ್‌ವೇ ನಾಟಕವಿದೆ, 1972ರ ಸಿನಿಮಾ ಇದೆ, 1990ರ ದಶಕದ ಮರುಪ್ರಯೋಗವಿದೆ, 2021ರ ಲಂಡನ್ ಪ್ರಯೋಗವಿದೆ. ಹೆಸರು ಒಂದೇ. ಹಾಡುಗಳೂ ಬಹುಪಾಲು ಅವೇ. ಕಥೆ ಮಾತ್ರ ಬದಲಾಗುತ್ತಾ ಹೋಗುತ್ತದೆ. ಅದಕ್ಕಿಂತ ಮುಖ್ಯವಾಗಿ, ನೋಡುವ ನಮ್ಮನ್ನು ಎಲ್ಲಿ ಕೂರಿಸುತ್ತಾರೆ ಅನ್ನೋದು ಬದಲಾಗುತ್ತದೆ. ಆಯ್ಕೆ ಮಾಡುವಾಗ ನಾನು ನೋಡುವುದು ಅದನ್ನೇ.

ಮೊದಲು ಅಸಲಿ ಕ್ಯಾಬರೆ

1881ರ ನವೆಂಬರಿನಲ್ಲಿ ಪ್ಯಾರಿಸ್ಸಿನ ಮೊಂಮಾರ್ತ್ರ್ ಗುಡ್ಡದ ಬುಡದಲ್ಲಿ ರೊಡಾಲ್ಫ್ ಸಾಲಿಸ್ ಅನ್ನುವವನು ಒಂದು ಕುಡಿಯುವ ಜಾಗ ತೆರೆದ. ಹೆಸರು ‘ಶಾ ನ್ವಾರ್’, ಅಂದರೆ ಕರಿಬೆಕ್ಕು. ಕವಿಗಳು ಅಲ್ಲಿ ಪದ್ಯ ಓದುತ್ತಿದ್ದರು, ಹಾಡು ಕಟ್ಟುವವರು ಹಾಡುತ್ತಿದ್ದರು, ಎರಿಕ್ ಸಾಟಿ ಪಿಯಾನೊ ನುಡಿಸುತ್ತಿದ್ದ. ಮುಂದೆ ನೆರಳಿನಾಟವೂ ಸೇರಿಕೊಂಡಿತು. 1885ರಲ್ಲಿ ಕರಿಬೆಕ್ಕು ಬೇರೆ ಕಟ್ಟಡಕ್ಕೆ ಹೋದಾಗ ಹಳೇ ಜಾಗ ಹಿಡಿದವನು ಅರಿಸ್ತೀದ್ ಬ್ರುವಾಂ. ಕರಿ ಟೋಪಿ, ಕೆಂಪು ಮಫ್ಲರ್ ಹಾಕಿದ ದಪ್ಪ ಮನುಷ್ಯನ ಪೋಸ್ಟರ್ ನೋಡಿರುತ್ತೀರಿ, ತುಲೂಸ್-ಲೊತ್ರೆಕ್ ಬರೆದದ್ದು. ಆ ಮನುಷ್ಯ ಇವನೇ. ಒಳಗೆ ಬಂದ ಗಿರಾಕಿಗಳನ್ನು ಬಾಯಿಗೆ ಬಂದಂತೆ ಬೈಯುವುದು ಇವನ ಆಟದ ಒಂದು ಭಾಗ. ಬೈಸಿಕೊಳ್ಳೋಕೆ ಅಂತಲೇ ದುಡ್ಡಿದ್ದವರು ಗಾಡಿ ಕಟ್ಟಿಕೊಂಡು ಬರುತ್ತಿದ್ದರು.

1889ರಲ್ಲಿ ಹತ್ತಿರದಲ್ಲೇ ಕೆಂಪು ಗಾಳಿಯಂತ್ರದ ‘ಮುಲಾಂ ರೂಜ್’ ಶುರುವಾಯಿತು. ಅದು ಬೇರೆ ಜಾತಿ. ದೊಡ್ಡ ಹಾಲು, ಕ್ಯಾನ್‌ಕ್ಯಾನ್ ಕುಣಿತ, ಕಾಲೆತ್ತಿ ಒದೆಯುವ ಹುಡುಗಿಯರ ಸಾಲು. ನಮ್ಮ ಸಿನಿಮಾಗಳಿಗೆ ಬಂದು ಸೇರಿದ ಕ್ಯಾಬರೆ ಈ ಕಡೆಯದು. ಚಿಕ್ಕ ಕೋಣೆ, ಟೇಬಲ್ಲು, ಹಾಡು, ಕೊಂಕು ಮಾತಿನ ಇನ್ನೊಂದು ಕ್ಯಾಬರೆ ಜರ್ಮನಿ ಕಡೆ ಹೋಯಿತು.

ಬರ್ಲಿನ್ನಿನಲ್ಲಿ ಮೊದಲನೆಯದು 1901ರ ಜನವರಿಯಲ್ಲಿ ಶುರುವಾಯಿತು. ಆದರೆ ಜರ್ಮನಿಯ ದೊರೆ ಕೈಸರ್ ಕಾಲದ ಸೆನ್ಸಾರ್ ತಲೆ ಮೇಲೆ ಕೂತಿತ್ತು. 1918ರಲ್ಲಿ ಯುದ್ಧ ಸೋತು ಕೈಸರ್ ಓಡಿಹೋದ, ಸೆನ್ಸಾರೂ ಎದ್ದುಹೋಯಿತು. ಆಮೇಲೆ ಹಣದುಬ್ಬರ. 1923ರ ನವೆಂಬರಿನಲ್ಲಿ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್. ನಾಳೆಗೆ ದುಡ್ಡು ಎತ್ತಿಟ್ಟರೆ ಬೆಳಗಾಗುವಷ್ಟರಲ್ಲಿ ಅದು ಬರೀ ಕಾಗದ. ಇವತ್ತೇ ಖರ್ಚು ಮಾಡೋದು ಜಾಣತನ ಅನ್ನಿಸುವ ಊರಿನಲ್ಲಿ ರಾತ್ರಿ ಬದುಕು ಹೇಗಿರಬೇಕು, ನೀವೇ ಊಹಿಸಿ.

ಜರ್ಮನ್ನರು ಇಲ್ಲಿ ಎರಡು ಮಾತು ಬಳಸುತ್ತಾರೆ. ಬಟ್ಟೆ ಬಿಚ್ಚಿ ಕುಣಿಯುವುದು ‘ಕ್ಯಾಬರೆ’. ಒಬ್ಬನೇ ನಿಂತು ಸರ್ಕಾರದ ಕಾಲೆಳೆಯುವುದು ‘ಕಾಬರೆಟ್’. ಎರಡನೆಯದನ್ನು ಮಾಡಿದವರ ಗತಿ ಏನಾಯಿತು ನೋಡಿ. 1929ರಲ್ಲಿ ಶುರುವಾದ ‘ಕಾಟಕೋಂಬೆ’ ಕಾಬರೆಟ್‌ನ ವೆರ್ನರ್ ಫಿಂಕ್‌ನನ್ನು ನಾಜಿಗಳು 1935ರಲ್ಲಿ ಯಾತನಾ ಶಿಬಿರಕ್ಕೆ ಕಳಿಸಿದರು. ಅವನು ಹೇಗೋ ಬದುಕಿ ಬಂದ. ವಿಯೆನ್ನಾ, ಬರ್ಲಿನ್ ಎರಡೂ ಕಡೆ ಜನರನ್ನು ನಗಿಸಿದ್ದ ಫ್ರಿಟ್ಸ್ ಗ್ರುನ್‌ಬಾಮ್ 1941ರಲ್ಲಿ ಡಾಹೌ ಶಿಬಿರದಲ್ಲಿ ಸತ್ತ. ಕುರ್ಟ್ ಗೆರೋನ್ 1928ರಲ್ಲಿ ಜರ್ಮನ್ ನಾಟಕಕಾರ ಬ್ರೆಖ್ಟ್‌ನ ‘ತ್ರೀಪೆನ್ನಿ ಒಪೆರಾ’ ನಾಟಕದ ಮೊದಲ ಪ್ರಯೋಗದಲ್ಲಿ ಚಾಕು ಮ್ಯಾಕಿಯ ಹಾಡು ಹಾಡಿದವನು. ಅವನನ್ನು 1944ರಲ್ಲಿ ಆಶ್ವಿಟ್ಸ್‌ನಲ್ಲಿ ಕೊಂದರು. ಈ ಮೂರು ಹೆಸರು ನೆನಪಿರಲಿ. ‘ಕ್ಯಾಬರೆ’ ನಾಟಕದಲ್ಲಿ ಹಲ್ಲುಕಿಸಿದು ಸ್ವಾಗತ ಹೇಳುವ ಎಮ್ಸೀ, ಅಂದರೆ ಕ್ಲಬ್ಬಿನ ನಿರೂಪಕ, ಬಂದಾಗ ಬೇಕಾಗುತ್ತವೆ.

ಬಾಡಿಗೆ ಕೋಣೆಯಿಂದ ಬ್ರಾಡ್‌ವೇವರೆಗೆ

ಇಂಗ್ಲೆಂಡಿನ ಕ್ರಿಸ್ಟಫರ್ ಇಶರ್‌ವುಡ್ 1929ರಿಂದ 1933ರವರೆಗೆ ಬರ್ಲಿನ್ನಿನಲ್ಲಿದ್ದ. ನೊಲೆಂಡಾರ್ಫ್ ಬೀದಿಯ 17ನೇ ನಂಬರಿನ ಮನೆಯಲ್ಲಿ ಬಾಡಿಗೆಗಿದ್ದ. ಅಲ್ಲಿ ಕಂಡವರನ್ನೆಲ್ಲ ಕಥೆ ಮಾಡಿ 1939ರಲ್ಲಿ ಪುಸ್ತಕ ತಂದ. ಅದು 1951ರಲ್ಲಿ ಮಾತಿನ ನಾಟಕವಾಯಿತು, 1966ರಲ್ಲಿ ಹಾಡಿನ ನಾಟಕವಾಯಿತು.

ಪುಸ್ತಕದಲ್ಲಿ ನಾಟಕದ ನಾಯಕಿ, ಹಾಡುಗಾತಿ ಸ್ಯಾಲಿ ಬೋಲ್ಸ್ ಇದ್ದಾಳೆ, ಆದರೆ ಅವಳು ಅಷ್ಟೇನೂ ಚೆನ್ನಾಗಿ ಹಾಡುವುದಿಲ್ಲ. ನಾಟಕದಲ್ಲಿ ಅವಳು ಹಾಡುವ ‘ಕಿಟ್ ಕ್ಯಾಟ್ ಕ್ಲಬ್’ ಇಲ್ಲವೇ ಇಲ್ಲ. ಎಮ್ಸೀ ಕೂಡ ಇಲ್ಲ. ಅವನು ನಿರ್ದೇಶಕ ಹಾಲ್ ಪ್ರಿನ್ಸ್‌ನ ನೆನಪಿನಿಂದ ಎದ್ದು ಬಂದವನು. 1950ರ ದಶಕದ ಶುರುವಿನಲ್ಲಿ ಪ್ರಿನ್ಸ್ ಅಮೆರಿಕದ ಸೇನೆಯಲ್ಲಿದ್ದು ಜರ್ಮನಿಯ ಸ್ಟುಟ್‌ಗಾರ್ಟ್ ಬಳಿ ಬೀಡುಬಿಟ್ಟಿದ್ದ. ಅಲ್ಲಿನ ಒಂದು ನೈಟ್‌ಕ್ಲಬ್ಬಿನಲ್ಲಿ ತುಟಿಗೆ ಬಣ್ಣ, ಕಣ್ಣಿಗೆ ನಕಲಿ ರೆಪ್ಪೆ ಹಚ್ಚಿಕೊಂಡ ಒಬ್ಬ ನಿರೂಪಕನನ್ನು ನೋಡಿದ್ದ. ಆ ಮುಖ ಅವನ ತಲೆಯಲ್ಲೇ ಉಳಿಯಿತು.

1966: ಕನ್ನಡಿ

ನ್ಯೂಯಾರ್ಕಿನ ಬ್ರಾಡ್‌ಹರ್ಸ್ಟ್ ಥಿಯೇಟರಿನಲ್ಲಿ 1966ರ ನವೆಂಬರ್ 20ರಂದು ಮೊದಲ ಆಟ. ಒಳಗೆ ಬಂದವರಿಗೆ ಪರದೆ ಕಾಣಲಿಲ್ಲ. ಅದರ ಜಾಗದಲ್ಲಿ ದೊಡ್ಡದೊಂದು ವಾಲಿದ ಕನ್ನಡಿ. ಅದರಲ್ಲಿ ಕಾಣುತ್ತಿದ್ದುದು ಸೀಟು ಹುಡುಕುತ್ತಿದ್ದ ಅವರದೇ ಬಿಂಬ. ರಂಗಸಜ್ಜಿಕೆ ಬೋರಿಸ್ ಅರೋನ್‌ಸನ್‌ದು. ಹಿಟ್ಲರನ ಕಾಲದ ಕಥೆ ನೋಡೋಕೆ ಬಂದವರಿಗೆ ಮೊದಲು ತಮ್ಮ ಮುಖ ತೋರಿಸಿದರು, ಅಲ್ವಾ? ಒಂದು ಮಾತೂ ಆಡದೆ.

ಈ ಪ್ರಯೋಗದ ನಿಜವಾದ ಹೃದಯ ಸ್ಯಾಲಿಯಲ್ಲಿಲ್ಲ, ಇಬ್ಬರು ವಯಸ್ಸಾದವರಲ್ಲಿದೆ. ಮನೆಯೊಡತಿ ಶ್ನೈಡರ್, ಅವಳ ಮನೆಯಲ್ಲೇ ಬಾಡಿಗೆಗಿರುವ ಹಣ್ಣಿನ ವ್ಯಾಪಾರಿ ಶುಲ್ಟ್ಸ್. ಒಂದಿನ ಶುಲ್ಟ್ಸ್ ಕಾಗದದ ಪೊಟ್ಟಣ ತಂದು ಅವಳ ಕೈಗಿಡುತ್ತಾನೆ. ಒಳಗೆ ಅನಾನಸ್. ಆಗಿನ ಬರ್ಲಿನ್ನಿನಲ್ಲಿ ದುಬಾರಿ ಹಣ್ಣು. ಇಬ್ಬರೂ ಆ ಹಣ್ಣಿನ ಮೇಲೆ ಒಂದು ಪ್ರೇಮಗೀತೆ ಹಾಡುತ್ತಾರೆ. ಗುಲಾಬಿಯಿಲ್ಲ, ಚಂದ್ರನಿಲ್ಲ, ಬರೀ ಅನಾನಸ್. ನಗು ಬರುತ್ತದೆ, ಜೊತೆಗೆ ಗಂಟಲೂ ಕಟ್ಟುತ್ತದೆ.

ಶುಲ್ಟ್ಸ್ ಯಹೂದಿ. ನಿಶ್ಚಿತಾರ್ಥದ ಪಾರ್ಟಿ ಅವನ ಅಂಗಡಿಯಲ್ಲೇ ನಡೆಯುತ್ತದೆ. ಬಂದವರಲ್ಲಿ ಒಬ್ಬ, ಅಲ್ಲಿಯವರೆಗೂ ಎಲ್ಲರಿಗೂ ಬೇಕಾದವನು, ಕೋಟು ತೆಗೆದರೆ ತೋಳಿನಲ್ಲಿ ಸ್ವಸ್ತಿಕದ ಪಟ್ಟಿ. ಮುಂದಿನ ಅಂಕದಲ್ಲಿ ಅದೇ ಅಂಗಡಿಯಲ್ಲಿ ಇಬ್ಬರೂ ಮಾತಾಡುತ್ತಿರುವಾಗ ಕಿಟಕಿ ಗಾಜು ಒಡೆದುಕೊಂಡು ಇಟ್ಟಿಗೆ ಬಂದು ಬೀಳುತ್ತದೆ. ಶ್ನೈಡರ್ ಮದುವೆ ಬೇಡ ಅನ್ನುತ್ತಾಳೆ. ಕೆಟ್ಟವಳು ಅಂತಲ್ಲ. ಕೋಣೆ ಬಾಡಿಗೆಗೆ ಕೊಡೋಕೆ ಲೈಸೆನ್ಸ್ ಬೇಕು, ನಾಳೆ ನಾಜಿಗಳು ಬಂದರೆ ಆ ಲೈಸೆನ್ಸ್ ಹೋಗುತ್ತದೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಅಂತ ಸಭೆಯನ್ನೇ ಕೇಳುತ್ತಾಳೆ.

ಆ ಪಾತ್ರ ಮಾಡಿದವಳು ಲೊಟ್ಟೆ ಲೆನ್ಯಾ. 1928ರ ಬರ್ಲಿನ್ನಿನಲ್ಲಿ ಅದೇ ಬ್ರೆಖ್ಟ್ ನಾಟಕದಲ್ಲಿ ಹಾಡಿದ್ದವಳು, ಆ ಸಂಗೀತ ಕಟ್ಟಿದ ಕುರ್ಟ್ ವೈಲ್‌ನ ಹೆಂಡತಿ. ಆ ಊರನ್ನು ಕಣ್ಣಾರೆ ಕಂಡು, ಬಿಟ್ಟು ಬಂದವಳು. ಅವಳ ಒಡಕು ದನಿಯ ಮುಂದೆ ಮಿಕ್ಕವರದೆಲ್ಲ ಅಭಿನಯ ಅನ್ನಿಸುತ್ತದೆ.

ನಾಟಕ 1,165 ಆಟ ಕಂಡು 8 ಟೋನಿ ಪ್ರಶಸ್ತಿ ಗೆದ್ದಿತು. ಆದರೆ ಒಂದು ಕಡೆ ಹಿಂಜರಿಯಿತು. ಎಮ್ಸೀ ಒಂದು ಹೆಣ್ಣು ಗೊರಿಲ್ಲಾ ಜೊತೆ ಕುಣಿಯುತ್ತಾ, ನನ್ನ ಕಣ್ಣಿನಿಂದ ಇವಳನ್ನು ನೋಡಿ ಅಂತ ಹಾಡುತ್ತಾನೆ. ಜನ ನಗುತ್ತಿರುತ್ತಾರೆ. ಕೊನೆಯ ಸಾಲಿನಲ್ಲಿ ‘ಯಹೂದಿ’ ಅನ್ನೋ ಮಾತು ಬಂದು ನಗು ಗಂಟಲಲ್ಲೇ ನಿಲ್ಲಬೇಕು. ಬ್ರಾಡ್‌ವೇಗೆ ಬರುವ ಮುಂಚಿನ ಆಟಗಳಲ್ಲೇ ಆಕ್ಷೇಪ ಬಂತು. ಆ ಸಾಲು ಬದಲಿಸಿ ಮೆತ್ತಗೆ ಮಾಡಿದರು.

ಬೇಜಾರಿನ ಸಂಗತಿ ಏನೆಂದರೆ, ನಮಗೆ ಇದರ ಹಾಡುಗಳ ಆಲ್ಬಂ ಅಷ್ಟೇ ಸಿಗುವುದು. ಸಿನಿಮಾ ನೋಡಿದ ಮೇಲೆ ಕೇಳಿ. ಅನಾನಸ್ ಹಾಡಿನಿಂದ ಶುರು ಮಾಡಿ.

1972: ಕ್ಲಬ್ಬಿನ ಹೊರಗೆ ಒಂದೇ ಹಾಡು

ಬಾಬ್ ಫಾಸ್ಸಿಯ ಸಿನಿಮಾ 8 ಆಸ್ಕರ್ ಗೆದ್ದಿತು. ಉತ್ತಮ ಚಿತ್ರದ ಪ್ರಶಸ್ತಿ ಮಾತ್ರ ಆ ವರ್ಷ ‘ದಿ ಗಾಡ್‌ಫಾದರ್’ ಪಾಲಾಯಿತು. ಫಾಸ್ಸಿ ಮಾಡಿದ ದೊಡ್ಡ ಕೆಲಸ ಅಂದರೆ ನಡುಮನೆಯಲ್ಲಿ, ಬೀದಿಯಲ್ಲಿ ಹಾಡುವುದನ್ನು ನಿಲ್ಲಿಸಿದ್ದು. ಹಾಡಬೇಕಾ, ಕ್ಲಬ್ಬಿನ ಸ್ಟೇಜ್ ಹತ್ತಿ ಹಾಡಿ. ನಮಗೆ, ಕಂಪನಿ ನಾಟಕದಿಂದ ಹಿಡಿದು ಸಿನಿಮಾವರೆಗೂ ಎಲ್ಲಿ ಬೇಕಾದರೂ ಹಾಡುವುದು ರೂಢಿಯಾಗಿರುವವರಿಗೆ, ಈ ಕಟ್ಟುನಿಟ್ಟು ಮೊದಲಿಗೆ ವಿಚಿತ್ರ ಅನ್ನಿಸುತ್ತದೆ.

ಇದಕ್ಕಾಗಿ ಅವನು ಬೆಲೆ ತೆತ್ತ. ಹಣ್ಣಿನ ವ್ಯಾಪಾರಿಯ ಪ್ರೇಮಕಥೆಯೇ ಹಾರಿಹೋಯಿತು. ಬದಲಿಗೆ ಇಶರ್‌ವುಡ್ ಪುಸ್ತಕದಲ್ಲಿದ್ದ ಶ್ರೀಮಂತ ಯಹೂದಿ ಮನೆತನದ ಹುಡುಗಿ ಬಂದಳು. ನಾಟಕದಲ್ಲಿ ಸ್ಯಾಲಿ ಇಂಗ್ಲಿಷಿನವಳು, ಅವಳ ಗೆಳೆಯ ಅಮೆರಿಕದವನು. ಸಿನಿಮಾದಲ್ಲಿ ಇದು ತಿರುವುಮುರುವಾಯಿತು. ಸ್ಯಾಲಿ ಪಾತ್ರ ಮಾಡಿದ ಲೈಜಾ ಮಿನೆಲ್ಲಿ ಅಮೆರಿಕದವಳು ತಾನೆ. 1966ರಲ್ಲಿ ಮುಚ್ಚಿಟ್ಟಿದ್ದ ವಿಷಯವನ್ನೂ ಫಾಸ್ಸಿ ಬಿಚ್ಚಿಟ್ಟ: ಆ ಗೆಳೆಯನಿಗೆ ಗಂಡಸರ ಮೇಲೂ ಮನಸ್ಸಿದೆ. ಗೊರಿಲ್ಲಾ ಹಾಡಿನ ಕೊನೆಯ ಸಾಲೂ ಮೊದಲಿನಂತೆ ವಾಪಸ್ ಬಂತು. ಎಮ್ಸೀ ಪಾತ್ರದ ಜೋಯೆಲ್ ಗ್ರೇ ಅದನ್ನು ಪಿಸುಗುಡುತ್ತಾನೆ.

ಕಾಲವೂ ಬದಲಾಯಿತು, ಇದನ್ನು ಹೆಚ್ಚಿನವರು ಗಮನಿಸುವುದಿಲ್ಲ. ನಾಟಕ ಶುರುವಾಗುವುದು 1929ರ ಕೊನೆಯ ರಾತ್ರಿ. ಆಗ ಜರ್ಮನ್ ಸಂಸತ್ತಿನಲ್ಲಿ ನಾಜಿಗಳಿಗೆ ಇದ್ದದ್ದು ಬರೀ 12 ಸ್ಥಾನ. ಅವರನ್ನು ನೋಡಿ ನಕ್ಕು ಸುಮ್ನೆ ಇರಬಹುದಿತ್ತು. ಸಿನಿಮಾ ಶುರುವಾಗುವುದು 1931ರಲ್ಲಿ. ಅಷ್ಟರಲ್ಲಿ 1930ರ ಸೆಪ್ಟೆಂಬರ್ ಚುನಾವಣೆ ಮುಗಿದು ಅವರು 107ಕ್ಕೆ ಏರಿದ್ದರು. ಹಾಗಾಗಿ ನಾಟಕದ ಜನ ‘ಗೊತ್ತಾಗಲಿಲ್ಲ’ ಅನ್ನಬಹುದು. ಸಿನಿಮಾದ ಜನಕ್ಕೆ ಆ ನೆಪ ಇಲ್ಲ.

ಕ್ಲಬ್ಬಿನ ಹೊರಗೆ ಒಂದೇ ಒಂದು ಹಾಡು ಅಂದೆನಲ್ಲ. ಅದಕ್ಕಾಗಿಯೇ ಈ ಸಿನಿಮಾ ನೋಡಬೇಕು. ಹಳ್ಳಿ ಕಡೆಯ ಬಿಯರ್ ತೋಟ, ಎಳೆ ಬಿಸಿಲು, ಟೇಬಲ್ಲುಗಳ ಸುತ್ತ ಮನೆಮಂದಿ. ಚಂದದ ಹುಡುಗನೊಬ್ಬನ ಮುಖ, ಅದಕ್ಕಿಂತ ಚಂದದ ದನಿ. ಹೊಲ, ಜಿಂಕೆ, ನದಿ ಅಂತ ಹಾಡುತ್ತಾನೆ. ಕ್ಯಾಮೆರಾ ನಿಧಾನಕ್ಕೆ ಕೆಳಗಿಳಿಯುತ್ತದೆ. ಕಂದು ಅಂಗಿ. ತೋಳಿನ ಪಟ್ಟಿ. ಒಬ್ಬೊಬ್ಬರೇ ಎದ್ದು ನಿಂತು ದನಿಗೂಡಿಸುತ್ತಾರೆ. ಹಾಡು ಹೋಗ್ತಾ ಹೋಗ್ತಾ ಕವಾಯತಾಗುತ್ತದೆ. ಟೋಪಿ ಹಾಕಿದ ಮುದುಕನೊಬ್ಬ ಮಾತ್ರ ತಲೆ ತಗ್ಗಿಸಿ ಕೂತೇ ಇರುತ್ತಾನೆ. ನಾನು ಪ್ರತಿಸಲ ಅವನನ್ನೇ ಹುಡುಕುತ್ತೇನೆ.

ಇದು ನಿಜವಾದ ನಾಜಿ ಹಾಡು ಅಂತ ನಂಬಿದವರು ಎಷ್ಟೋ ಜನ. ಬರೆದವರು ಜಾನ್ ಕ್ಯಾಂಡರ್, ಫ್ರೆಡ್ ಎಬ್, ಇಬ್ಬರೂ ಯಹೂದಿಗಳು. ಮೊದಲ ನಾಟಕದಲ್ಲಿ ಇದನ್ನು ಕ್ಲಬ್ಬಿನ ವೇಟರುಗಳು ಹಾಡುತ್ತಾರೆ, ಆಮೇಲೆ ನಿಶ್ಚಿತಾರ್ಥಕ್ಕೆ ಬಂದ ನೆಂಟರಿಷ್ಟರು. ಬೇರೆ ಬೇರೆ ಪ್ರಯೋಗಗಳನ್ನು ಹೋಲಿಸುವುದಾದರೆ ಈ ಒಂದು ಹಾಡು ಹಿಡಿದುಕೊಂಡು ಹೋಗಿ, ಸಾಕು.

ದೂರು ಒಂದೇ. ಮಿನೆಲ್ಲಿ ವಿಪರೀತ ಚೆನ್ನಾಗಿ ಹಾಡುತ್ತಾಳೆ. ಇಷ್ಟು ಹಾಡುವವಳು ಈ ಗಲೀಜು ಕ್ಲಬ್ಬಿನಲ್ಲಿ ಯಾಕೆ ಬಿದ್ದಿದ್ದಾಳೆ? ಉತ್ತರ ಇಲ್ಲ. ಅವಳು ಹಾಡಲು ಶುರು ಮಾಡಿದರೆ ಪ್ರಶ್ನೆಯೂ ನೆನಪಿರುವುದಿಲ್ಲ.

1998: ಟೇಬಲ್ಲಿಗೆ ಬನ್ನಿ

ಸ್ಯಾಮ್ ಮೆಂಡಿಸ್ 1993ರಲ್ಲಿ ಲಂಡನ್ನಿನ ಡಾನ್ಮಾರ್ ವೇರ್‌ಹೌಸ್ ಅನ್ನೋ ಚಿಕ್ಕ ಥಿಯೇಟರಿನಲ್ಲಿ ಇದನ್ನು ಮಾಡಿದ. 1998ರಲ್ಲಿ ರಾಬ್ ಮಾರ್ಷಲ್ ಜೊತೆ ಸೇರಿ ಬ್ರಾಡ್‌ವೇಗೆ ತಂದ. ಥಿಯೇಟರನ್ನೇ ಕ್ಲಬ್ ಮಾಡಿದರು. ಸೀಟಿನ ಸಾಲು ಹೋಗಿ ಟೇಬಲ್ಲು, ಕುರ್ಚಿ, ಕುಡಿಯೋಕೆ ಪಾನೀಯ ಬಂದವು. ಕುಣಿಯುವವರೇ ವಾದ್ಯವನ್ನೂ ನುಡಿಸಿದರು. ಅದೇ ವರ್ಷ ಆಟ ಸ್ಟುಡಿಯೊ 54ಕ್ಕೆ ಹೋಯಿತು. ಅದು ಒಂದು ಕಾಲದ ನಿಜವಾದ ಡಿಸ್ಕೊ ಕ್ಲಬ್. ಒಟ್ಟು 2,377 ಆಟ.

ಕನ್ನಡಿ ಬೇಡವಾಯಿತು, ಯಾಕೆಂದರೆ ನೋಡುವವರು ಒಳಗೇ ಇದ್ದರು. ಜೋಯೆಲ್ ಗ್ರೇಯ ಎಮ್ಸೀ ಕೋಟು, ಬೋ ಟೈ, ಗುಲಾಬಿ ಕೆನ್ನೆಯ ಬೊಂಬೆ. ಅಲನ್ ಕಮಿಂಗ್‌ನ ಎಮ್ಸೀ ಬರಿಮೈ ಮೇಲೆ ಪಟ್ಟಿ ಕಟ್ಟಿಕೊಂಡವನು, ಮೈಯೆಲ್ಲ ಆಸೆ, ಕಣ್ಣಲ್ಲಿ ನಿದ್ದೆಯಿಲ್ಲ. ಬಿಯರ್ ತೋಟದ ಹಾಡನ್ನು ಇಲ್ಲಿ ಯಾರೂ ಹಾಡುವುದಿಲ್ಲ, ಮೊದಲ ಸಲವಂತೂ. ಎಮ್ಸೀ ಗ್ರಾಮಫೋನ್ ಹಚ್ಚುತ್ತಾನೆ, ಪುಟ್ಟ ಹುಡುಗನ ದನಿ ಪ್ಲೇಟಿನಿಂದ ಬರುತ್ತದೆ.

ಕೊನೆಗೆ ಅವನು ಉದ್ದ ಕೋಟು ಬಿಚ್ಚುತ್ತಾನೆ. ಒಳಗೆ ಶಿಬಿರದ ಕೈದಿಯ ಪಟ್ಟೆ ಬಟ್ಟೆ, ಅದರ ಮೇಲೆ ಹಳದಿ ನಕ್ಷತ್ರ, ಗುಲಾಬಿ ತ್ರಿಕೋನ. ಯಹೂದಿಗೊಂದು, ಸಲಿಂಗಿಗೊಂದು ಗುರುತು. ಮೇಲೆ ಹೇಳಿದ ಫಿಂಕ್, ಗ್ರುನ್‌ಬಾಮ್, ಗೆರೋನ್ ನೆನಪಾಗುವುದು ಇಲ್ಲಿ. ಕೆಲವರಿಗೆ ಇದು ಒತ್ತಿ ಹೇಳಿದಂತೆ ಅನ್ನಿಸುತ್ತದೆ. ನನಗೆ ಅನ್ನಿಸಲಿಲ್ಲ. ಆ ನಗೆಗಾರರು ಹೋಗಿ ಸೇರಿದ ಜಾಗ ಅದೇ ತಾನೆ.

ಶ್ನೈಡರ್, ಶುಲ್ಟ್ಸ್ ಕಥೆ ಇದರಲ್ಲಿ ಪೂರ್ತಿ ಇದೆ. ಡಾನ್ಮಾರ್ ಪ್ರಯೋಗವನ್ನು ಬ್ರಿಟನ್ನಿನ ಚಾನೆಲ್ 4 ಟಿವಿಗಾಗಿ ಚಿತ್ರೀಕರಿಸಿತ್ತು. ಅದು ಕೈಗೆ ಸಿಕ್ಕರೆ ನೋಡಿಬಿಡಿ. ನಾಟಕವನ್ನು ನಾಟಕವಾಗಿ ಮನೆಯಲ್ಲಿ ಕೂತು ನೋಡೋಕೆ ಅದಕ್ಕಿಂತ ಒಳ್ಳೆ ದಾರಿ ಇಲ್ಲ.

2021: ಫೋನಿಗೆ ಸ್ಟಿಕ್ಕರ್

ರೆಬೆಕಾ ಫ್ರೆಕ್ನಾಲ್ ಲಂಡನ್ನಿನ ಪ್ಲೇಹೌಸ್ ಥಿಯೇಟರಿನ ಹೊಟ್ಟೆಯನ್ನೇ ಬಗೆದು ಹೊಸದಾಗಿ ಕಟ್ಟಿಸಿದಳು. ನಡುವೆ ಚಿಕ್ಕ ದುಂಡು ವೇದಿಕೆ, ಸುತ್ತ ಜನ. ಬಾಗಿಲಲ್ಲೇ ಫೋನಿನ ಕ್ಯಾಮೆರಾಕ್ಕೆ ಸ್ಟಿಕ್ಕರ್ ಹಚ್ಚಿ ಒಳಗೆ ಬಿಡುತ್ತಾರೆ. ಆಟಕ್ಕೆ ಮುಂಚೆಯೇ ಹಾದಿಯಲ್ಲಿ ಕುಣಿತ, ವಾದ್ಯ. ಎಮ್ಸೀಯಾಗಿ ಎಡ್ಡಿ ರೆಡ್‌ಮೇನ್, ಸ್ಯಾಲಿಯಾಗಿ ಜೆಸ್ಸಿ ಬಕ್ಲಿ ಇದ್ದ ಮೊದಲ ತಂಡ 2022ರಲ್ಲಿ 7 ಒಲಿವಿಯರ್ ಪ್ರಶಸ್ತಿ ಗೆದ್ದಿತು. 2024ರಲ್ಲಿ ಇದು ಬ್ರಾಡ್‌ವೇಗೂ ಹೋಯಿತು.

ಮಿನೆಲ್ಲಿ ಕೊನೆಯ ಹಾಡನ್ನು ಗೆದ್ದವಳಂತೆ ಹಾಡಿದರೆ, ಬಕ್ಲಿ ಅದನ್ನು ಮುರಿದು ಬಿದ್ದವಳಂತೆ ಕಿರುಚುತ್ತಾಳೆ. ಲೈವ್ ಆಲ್ಬಂನಲ್ಲಿ ಕೇಳಬಹುದು. ಇಲ್ಲಿ ಎಮ್ಸೀ ಬಲಿಯಾಗುವುದಿಲ್ಲ. ಬಣ್ಣ ಕಳೆದುಕೊಂಡು ಸಪ್ಪೆ ಸೂಟು ತೊಟ್ಟು, ಉಳಿದವರಂತೆಯೇ ಆಗಿಬಿಡುತ್ತಾನೆ. 1998ರದ್ದಕ್ಕಿಂತ ಇದು ಹೆಚ್ಚು ಚುಚ್ಚುತ್ತದೆ ಅನ್ನೋರಿದ್ದಾರೆ. ನನ್ನ ತಕರಾರು ಬೇರೆ. ಟಿಕೆಟ್ ದುಬಾರಿ, ಟೇಬಲ್ ಸೀಟು ಇನ್ನೂ ದುಬಾರಿ. ಹಸಿದ ಊರಿನ ಕಥೆಯನ್ನು ಶಾಂಪೇನ್ ಹೀರುತ್ತಾ ನೋಡೋದು ಕಷ್ಟ. ಅದೇ ಉದ್ದೇಶ ಅಂತಲೂ ವಾದಿಸಬಹುದು ಬಿಡಿ. ಲಂಡನ್ನಿನಲ್ಲಿರುವ ನಮ್ಮವರು ಹೋಗುವುದಾದರೆ ಸಿನಿಮಾ ಮೊದಲೇ ನೋಡಿ ಹೋಗಿ, ಮತ್ತು ಸ್ವಲ್ಪ ಬೇಗ ಹೋಗಿ.

ಪಕ್ಕದ ಅಂಗಡಿಗಳು

‘ಶಿಕಾಗೋ’ ನೋಡಿ ಇದೂ ಕ್ಯಾಬರೆ ಅಂದುಕೊಳ್ಳಬೇಡಿ. ಅದೇ ಕ್ಯಾಂಡರ್, ಎಬ್, ಫಾಸ್ಸಿ 1975ರಲ್ಲಿ ಮಾಡಿದ್ದು, ಆದರೆ ಅದು ಅಮೆರಿಕದ ವಾಡ್‌ವಿಲ್ ಧಾಟಿ, ಅಂದರೆ ಹಾಡು, ಕುಣಿತ, ನಗೆಯ ಬಿಡಿ ಬಿಡಿ ಆಟಗಳ ಹಳೇ ರಂಗಪ್ರದರ್ಶನ. ಮಜಾ ಜಾಸ್ತಿ, ಹೆದರಿಕೆ ಕಡಿಮೆ. 2001ರ ‘ಮುಲಾಂ ರೂಜ್’ ಸಿನಿಮಾದಲ್ಲಿ ಇತಿಹಾಸ ಹುಡುಕಬೇಡಿ, ಬಣ್ಣ ನೋಡಿ. ಹಿಂದಿಯ ‘ಛಮ್ಮಾ ಛಮ್ಮಾ’ ಹಾಡೂ ಕಿವಿಗೆ ಬೀಳುತ್ತದೆ. 1983ರ ‘ಲಾ ಕಾಜ್ ಒ ಫೋಲ್’ ಹೆಣ್ಣುವೇಷದ ಕ್ಲಬ್ ನಡೆಸುವ ಗಂಡು ಜೋಡಿಯ ಕಥೆ, ನಗಿಸುತ್ತಲೇ ಮನಸ್ಸು ತುಂಬುತ್ತದೆ.

ಇವೆಲ್ಲಕ್ಕಿಂತ ನಾನು ಕೈಯಲ್ಲಿಡುವುದು 1930ರ ‘ದಿ ಬ್ಲೂ ಏಂಜೆಲ್’. ಅದು ನೆನಪಿನಿಂದ ಕಟ್ಟಿದ್ದಲ್ಲ, ಆ ಕಾಲದಲ್ಲೇ ಜರ್ಮನಿಯಲ್ಲೇ ತೆಗೆದದ್ದು. ಸಂಗೀತ ಫ್ರೀಡ್ರಿಶ್ ಹೊಲೆಂಡರ್, ಸ್ವತಃ ಕ್ಯಾಬರೆಯವನು. ಮಾರ್ಲೀನ್ ಡೀಟ್ರಿಶ್ ಟೋಪಿ ಹಾಕಿ, ಕಾಲು ಮಡಚಿ ಪೀಪಾಯಿ ಮೇಲೆ ಕೂತ ಭಂಗಿಯೇ ಮಿನೆಲ್ಲಿಯ ಟೋಪಿ, ಕುರ್ಚಿಯಾಗಿ ಬಂದದ್ದು. ಅದರಲ್ಲಿ ಜಾದೂಗಾರನ ಪಾತ್ರ ಮಾಡಿದವನನ್ನು ಗಮನವಿಟ್ಟು ನೋಡಿ. ಅವನೇ ಕುರ್ಟ್ ಗೆರೋನ್.

ಗೆಳೆಯನಿಗೆ ಕೊನೆಗೆ ಹೇಳಿದ್ದು ಇಷ್ಟು: ಒಂದೇ ನೋಡೋದಾದರೆ 1972ರ ಸಿನಿಮಾ. ಎರಡಾದರೆ ಡಾನ್ಮಾರ್ ರೆಕಾರ್ಡಿಂಗ್, ಇಲ್ಲವಾದರೆ ಸಿನಿಮಾ ಪೂರ್ತಿ ಕಥೆ ಅಂದುಕೊಂಡುಬಿಡುತ್ತೀಯ. ಲೆನ್ಯಾ ಹಾಡು ಕೇಳಲು ಬಸ್ಸಿನಲ್ಲಿ ಹೋಗುವ ಹೊತ್ತು ಸಾಕು. ಸಿನಿಮಾ ಮಾತ್ರ ಮಕ್ಕಳು ಮಲಗಿದ ಮೇಲೆ ಹಾಕು.

ಭಾನುವಾರ ರಾತ್ರಿ ನೋಡಿದನಂತೆ. ಕೊನೆಯಲ್ಲಿ ಎಮ್ಸೀ ಬಾಗಿ ಮರೆಯಾಗುತ್ತಾನೆ. ಕ್ಯಾಮೆರಾ ಕ್ಲಬ್ಬಿನ ಹೊಳೆಯುವ ಗೋಡೆಯ ಮೇಲೆ ಸರಿಯುತ್ತದೆ. ಸೊಟ್ಟ ಸೊಟ್ಟ ಬಿಂಬಗಳಲ್ಲಿ ಮುಂದಿನ ಸಾಲಿನ ಗಿರಾಕಿಗಳು, ತೋಳಿನಲ್ಲಿ ಪಟ್ಟಿ. ಆಮೇಲೆ ಹೆಸರುಗಳು ಏರುವಾಗ ಸಂಗೀತವೇ ಇಲ್ಲ. ಅವನು ಸೌಂಡ್ ಹೋಯ್ತು ಅಂದುಕೊಂಡು ರಿಮೋಟ್ ಹುಡುಕಿದನಂತೆ.